ಮಾಂಸ ತಿನ್ನಲ್ಲ ಅಂದವಳಿಗೆ ಮೀನು: ಸೆನೆಗಲ್‌ನಲ್ಲಿ ನಾಲ್ಕು ರಾತ್ರಿ

2018ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಹನ್ನೆರಡೂವರೆಗೆ ಫೋನ್ ಬಂತು. ಧಾರವಾಡದಲ್ಲಿ ಹನ್ನೆರಡೂವರೆ ಅಂದ್ರೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಸಂಜೆ ಏಳು. ಅಣ್ಣನ ಮಗಳು. "ಅತ್ತೆ, ನಾನು ವಾಪಸ್ ಹೋಗ್ತೀನಿ. ಈ ಊರಿಗೆ ನಾನು ಬೇಡ" ಅಂದಳು. ಎರಡು ವರ್ಷ ಇರಬೇಕಾದ ಊರಿಗೆ ಅವಳು ಕಾಲಿಟ್ಟು ಆಗ ಒಂದೂವರೆ ದಿನ ಆಗಿತ್ತು, ಅಷ್ಟೇ.

ನಾನು ಸಮಾಜಕಾರ್ಯ ಪಾಠ ಮಾಡಿಕೊಂಡು ಬಂದವಳು. ವಿದ್ಯಾರ್ಥಿಗಳನ್ನು ಹಳ್ಳಿಗೆ, ಆಸ್ಪತ್ರೆಗೆ, ಬಾಲಮಂದಿರಕ್ಕೆ ಫೀಲ್ಡ್ ವರ್ಕ್‌ಗೆ ಕಳಿಸೋದು, ಅವರು ಬರೆದು ತಂದದ್ದನ್ನು ಓದಿ ಕೆಂಪು ಗೆರೆ ಎಳೆಯೋದು ನನ್ನ ಕೆಲಸವಾಗಿತ್ತು. ಸೊಸೆಯ ಈ ಕಥೆಯನ್ನೂ ಅದೇ ಕಣ್ಣಿನಿಂದ ನೋಡಿದ್ದೇನೆ. ಅವಳ ನೋಟ್‌ಬುಕ್, ನಮ್ಮಿಬ್ಬರ ಫೋನ್ ಮಾತು, ಆಮೇಲೆ ಅವಳು ಇಲ್ಲಿಗೆ ಬಂದಾಗ ಕೂತು ಕೇಳಿಸಿಕೊಂಡದ್ದು, ಇಷ್ಟು ನನ್ನ ಬಳಿ ಇರುವ ಸಾಮಗ್ರಿ. ಬರೆಯಲು ಅವಳ ಒಪ್ಪಿಗೆ ಇದೆ. ತನ್ನ ಹೆಸರು, ಊರಿನ ಹೆಸರು ಬೇಡ ಅಂದಳು, ಬಿಟ್ಟಿದ್ದೇನೆ. ಸೋದರತ್ತೆ ಬರೆದದ್ದರಲ್ಲಿ ಪಕ್ಷಪಾತ ಇರೋದಿಲ್ವಾ ಅಂತ ಕೇಳಿದರೆ, ಇರುತ್ತದೆ.

ಹುಡುಗಿ, ಮತ್ತೆ ಅವಳು ಹಿಡಿದ ಕೆಲಸ

ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಮನೆಯಲ್ಲಿ ಹಾವೇರಿ ಕಡೆಯ ಕನ್ನಡ. ಮೊಟ್ಟೆ ಕೂಡ ಮುಟ್ಟದ ಮನೆ. ಸಾರ್ವಜನಿಕ ಆರೋಗ್ಯದಲ್ಲಿ ಪದವಿ ಮುಗಿಸಿದ ಮೇಲೆ ಅವಳು ಪೀಸ್ ಕೋರ್ ಸೇರಿದಳು. 1961ರಲ್ಲಿ ಕೆನೆಡಿ ಶುರು ಮಾಡಿದ ಸಂಸ್ಥೆ ಇದು. ಅಮೆರಿಕದ ಪೌರರನ್ನು ಬೇರೆ ದೇಶದ ಹಳ್ಳಿಗಳಿಗೆ ಕಳಿಸುತ್ತದೆ. ಒಟ್ಟು 27 ತಿಂಗಳು: ಮೊದಲ 3 ತಿಂಗಳು ತರಬೇತಿ, ಮುಂದಿನ 2 ವರ್ಷ ಒಂದೇ ಊರಿನಲ್ಲಿ ವಾಸ. ಸಂಬಳ ಅಂತ ಇಲ್ಲ, ಊರಿನವರ ಹಾಗೆ ಬದುಕೋದಕ್ಕೆ ಸಾಕಾಗುವಷ್ಟು ಕೊಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದರಲ್ಲಿ ಜಾಗ ಇಲ್ಲ. ಅವರಿಗೆ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಂಥ ಬೇರೆ ದಾರಿಗಳಿವೆ.

ನಮ್ಮ ಕಡೆಗೆ ಪೀಸ್ ಕೋರ್ ಹೊಸದೇನೂ ಅಲ್ಲ. 1961ರಿಂದ 1976ರ ತನಕ ಅದು ಭಾರತದಲ್ಲೂ ಇತ್ತು. ಆಗಿನ ಮೈಸೂರು ರಾಜ್ಯಕ್ಕೂ ಹುಡುಗರು ಬಂದಿದ್ದರು, ಕನ್ನಡ ಕಲಿತಿದ್ದರು, ಕೋಳಿ ಸಾಕಣೆ ಹೇಳಿಕೊಟ್ಟಿದ್ದರು. ಆ ಹುಡುಗರೂ ಒಂದು ದಿನ ಯಾವುದೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಪೆಚ್ಚಾಗಿ ನಿಂತಿರಬೇಕಲ್ವಾ? ಇವಳ ಕಥೆ ಕೇಳುವ ತನಕ ನನಗೆ ಆ ಯೋಚನೆ ಬಂದಿರಲಿಲ್ಲ.

ಇವಳಿಗೆ ಸಿಕ್ಕಿದ್ದು ಸೆನೆಗಲ್. ಪೀಸ್ ಕೋರ್ ಅಲ್ಲಿಗೆ ಕಾಲಿಟ್ಟದ್ದು 1963ರಲ್ಲಿ. ತರಬೇತಿ ಕೇಂದ್ರ ತಿಯೆಸ್ ಎಂಬ ರೈಲ್ವೆ ಊರಿನಲ್ಲಿದೆ. ತರಬೇತಿಯ ಹೊತ್ತಿನಲ್ಲಿ ಹತ್ತಿರದ ಒಂದು ಮನೆಯಲ್ಲಿ ವಾಸ, ದಿನವೆಲ್ಲ ವೊಲೊಫ್ ಭಾಷೆಯ ಪಾಠ. ನಾಲ್ಕನೇ ವಾರದಲ್ಲಿ ಊರು ಗೊತ್ತಾಯಿತು: ಕಾವ್ಲಾಕ್ ಪ್ರದೇಶದ ಒಂದು ಸಣ್ಣ ಹಳ್ಳಿ, ಆರೋಗ್ಯದ ಕೆಲಸ. ಆಮೇಲೆ ಈ ಭೇಟಿ. ನಾಲ್ಕು ರಾತ್ರಿ ಊರಲ್ಲಿದ್ದು, ಮನೆ ನೋಡಿ, ಜನ ನೋಡಿ, ತಿರುಗಿ ತಿಯೆಸ್‌ಗೆ ಬಂದು ಉಳಿದ ತರಬೇತಿ ಮುಗಿಸಬೇಕು.

ನಾಲ್ಕು ವಾರದ ಭಾಷೆ ಇಟ್ಟುಕೊಂಡು ಯಾರಾದರೂ ಊರಿಗೆ ಹೋಗ್ತಾರಾ? ನನ್ನ ಮೊದಲ ಪ್ರಶ್ನೆ ಇದೇ. ನಮ್ಮ ವಿಭಾಗದಲ್ಲೂ ವರ್ಷ ವರ್ಷ ಈ ಜಗಳ ಇತ್ತು. ಪಾಠ ಮುಗಿಸಿ ಫೀಲ್ಡಿಗೆ ಕಳಿಸಬೇಕು ಅನ್ನುವವರು ಒಂದು ಕಡೆ, ಮೊದಲೇ ಒಮ್ಮೆ ತೋರಿಸಿ ಬರೋಣ ಅನ್ನುವವರು ಇನ್ನೊಂದು ಕಡೆ. ನಾನು ಮೊದಲ ಗುಂಪು. ಅರ್ಧ ತಯಾರಾದವರನ್ನು ಕಳಿಸೋದು ಅವರಿಗೂ ಅನ್ಯಾಯ, ಊರಿಗೂ ಅನ್ಯಾಯ ಅನ್ನುತ್ತಿದ್ದೆ.

ದಾರಿಯಲ್ಲೇ ಶುರು

ಸೆನೆಗಲ್‌ನಲ್ಲಿ ಊರಿಂದೂರಿಗೆ ಹೋಗಲು 'ಸೆತ್ ಪ್ಲಾಸ್' ಅನ್ನುವ ಗಾಡಿ ಇದೆ. ಏಳು ಸೀಟು ಅಂತ ಅರ್ಥ. ಹಳೇ ಪೂಜೋ ಕಾರು, ಹಿಂದೆ ಒಂದು ಸಾಲು ಜಾಸ್ತಿ. ಏಳು ಜನ ತುಂಬೋ ತನಕ ಗಾಡಿ ಹೊರಡೋದಿಲ್ಲ. ನಮ್ಮ ಮ್ಯಾಕ್ಸಿಕ್ಯಾಬ್ ನೆನೆಸಿಕೊಳ್ಳಿ. ಟಿಕೆಟ್‌ಗೆ ದರ ಗೊತ್ತುಮಾಡಿರುತ್ತದೆ, ಸಾಮಾನಿಗೆ ಮಾತ್ರ ಚೌಕಾಸಿ.

ಬ್ಯಾಗ್ ಮೇಲೆ ಕಟ್ಟಿದ ಹುಡುಗ 'ತೇಮೇರ್' ಅಂದ. ತೇಮೇರ್ ಅಂದ್ರೆ ನೂರು, ಕ್ಲಾಸಿನಲ್ಲಿ ಕಲಿತಿದ್ದಳು. ನೂರರ ನಾಣ್ಯ ಕೊಟ್ಟಳು. ಹುಡುಗ ನಕ್ಕ. ಗಾಡಿಯವರೆಲ್ಲ ನಕ್ಕರು. ಅವನು ಕೇಳಿದ್ದು ಐನೂರು. ಅಲ್ಲಿ ದುಡ್ಡನ್ನು ಐದೈದರ ಲೆಕ್ಕದಲ್ಲಿ ಎಣಿಸುತ್ತಾರೆ. ಐದು ಫ್ರಾಂಕ್ ಒಂದು 'ದೆರೆಮ್'. ನೂರು ಅಂದ್ರೆ ನೂರು ದೆರೆಮ್, ಅಂದ್ರೆ ಐನೂರು ಫ್ರಾಂಕ್. ನಮ್ಮಲ್ಲಿ ಆಣೆ ಹೋಗಿ ಅರವತ್ತು ವರ್ಷ ಆದರೂ ಐವತ್ತು ಪೈಸೆಗೆ ಎಂಟಾಣೆ ಅಂತಲೇ ಅನ್ನುತ್ತಿದ್ದೆವಲ್ಲ, ಆ ಥರ. ಸಣ್ಣ ವಿಷಯ. ಆದರೆ ನೋಟ್‌ಬುಕ್‌ನಲ್ಲಿ "ಎಲ್ಲರೂ ನನ್ನನ್ನು ನೋಡಿ ನಕ್ಕರು" ಅಂತ ಬರೆದಿದ್ದಾಳೆ. ಇದು ಮೊದಲನೇ ನಗು. ಮುಂದೆ ಇನ್ನೂ ಇವೆ.

ಕಾವ್ಲಾಕ್ ದಾರಿಯಲ್ಲಿ ಉಪ್ಪಿನ ರಾಶಿಗಳು ಬೆಳ್ಳಗೆ ಕಂಡವಂತೆ. ಅದು ದಾಟಿದರೆ ಶೇಂಗಾ ಸೀಮೆ. ಫ್ರೆಂಚರ ಕಾಲದಿಂದ ಇಡೀ ದೇಶಕ್ಕೆ ರೊಕ್ಕ ತಂದ ಬೆಳೆ ಅದು. ನಡುವೆ ಸಜ್ಜೆ ಹೊಲ, ಬೇವಿನ ಮರ. "ಅತ್ತೆ, ಸೇಮ್ ಹಾವೇರಿ" ಅಂತ ಫೋಟೋ ಕಳಿಸಿದ್ದಳು. ಅವತ್ತು ಬೆಳಿಗ್ಗೆ ಅವಳು ಖುಷಿಯಲ್ಲೇ ಇದ್ದಳು.

ಮೋಟಾರ್ ಸೈಕಲ್

ಡಾಂಬರು ರಸ್ತೆ ಮುಗಿಯುವ ಊರಿನಲ್ಲಿ ಅವಳ ಜೊತೆಗಾರ ಕಾಯುತ್ತಿದ್ದ. ಪ್ರತಿ ಸ್ವಯಂಸೇವಕರಿಗೂ ಆ ಊರಿನವರೇ ಒಬ್ಬರು ಜೊತೆಗಾರರಾಗಿ ಇರುತ್ತಾರೆ, ಕೆಲಸ ಇಬ್ಬರೂ ಸೇರಿ ಮಾಡಬೇಕು. ಇವನು ಊರಿನ ಆರೋಗ್ಯ ಕಾರ್ಯಕರ್ತ, ನಲವತ್ತರ ಆಸುಪಾಸು. ನಮ್ಮ ಆಶಾ ಕಾರ್ಯಕರ್ತೆಯರು ಮಾಡೋದರಲ್ಲಿ ಸುಮಾರು ಕೆಲಸ ಅಲ್ಲಿ ಇಂಥವರದು. ಇಸ್ತ್ರಿ ಮಾಡಿದ ಉದ್ದ ಅಂಗಿ ಹಾಕಿಕೊಂಡು ಬಂದಿದ್ದ. ಯಾರದೋ ಮೋಟಾರ್ ಸೈಕಲ್ ಕೇಳಿ ತಂದು, ಪೆಟ್ರೋಲ್ ತಾನೇ ಹಾಕಿಸಿ, ಒರೆಸಿ ನಿಲ್ಲಿಸಿದ್ದ. "ಹತ್ತು" ಅಂತ ಕೈ ತೋರಿಸಿದ.

ಹತ್ತುವ ಹಾಗಿಲ್ಲ. ಅಲ್ಲಿ ಪೀಸ್ ಕೋರ್‌ನವರು ಮೋಟಾರ್ ಸೈಕಲ್ ಏರಿದರೆ ನೇರ ಮನೆಗೆ ಕಳಿಸುತ್ತಾರೆ. ಸೈಕಲ್ ಕೊಡುತ್ತಾರೆ, ಅದಕ್ಕೂ ಹೆಲ್ಮೆಟ್ ಕಡ್ಡಾಯ. ನಿಯಮ ಸರಿಯಾಗೇ ಇದೆ. ಆಸ್ಪತ್ರೆ ಗಂಟೆಗಟ್ಟಲೆ ದೂರ ಇರುವ ಕಡೆ ತಲೆಗೆ ಪೆಟ್ಟಾದರೆ ಏನು ಗತಿ?

ಆದರೆ ಇದನ್ನು ವೊಲೊಫ್‌ನಲ್ಲಿ ಹೇಳಲು ಅವಳ ಬಳಿ ಇದ್ದದ್ದು ಒಂದೇ ಮಾತು: 'ಬಗ್ಗುಮಾ'. ನನಗೆ ಬೇಡ. ನನಗೆ ಇಷ್ಟ ಇಲ್ಲ. ಎರಡಕ್ಕೂ ಅದೇ ಮಾತು. ಮೂರು ಸಲ ಹೇಳಿದಳು, ಪ್ರತಿ ಸಲ ಇನ್ನೂ ಗಟ್ಟಿಯಾಗಿ. ಅವನ ಮುಖ ಸಣ್ಣದಾಯಿತು. ಒಂದು ಕುದುರೆ ಗಾಡಿ ಮಾಡಿ ಬ್ಯಾಗ್ ಇಟ್ಟುಕೊಟ್ಟ, ತಾನು ಮುಂದೆ ಹೊರಟು ಹೋದ. ಒಂದು ಗಂಟೆ ಮಣ್ಣು ದಾರಿ. ಗಾಡಿಯವನ ಜೊತೆ ಮಾತಿಲ್ಲ.

ಮುಂದೆ ಆಗಿದ್ದನ್ನೆಲ್ಲ ಇಲ್ಲಿಂದಲೇ ಲೆಕ್ಕ ಹಾಕಬೇಕು ಅಂತ ನನ್ನ ಅಭಿಪ್ರಾಯ. ಅವಳು ಒಪ್ಪೋದಿಲ್ಲ. ಅವಳ ಪ್ರಕಾರ ಮೀನೇ ದೊಡ್ಡದು.

ಮನೆ

ಕೋಣೆ ಚೆನ್ನಾಗಿತ್ತು. ಸಿಮೆಂಟ್ ಇಟ್ಟಿಗೆ ಗೋಡೆ, ತಗಡಿನ ಮಾಡು, ಬೀಗ ಹಾಕುವ ಬಾಗಿಲು. ಊರು ಆರಿಸುವಾಗಲೇ ಸಂಸ್ಥೆಯವರು ಬಂದು ಇವನ್ನೆಲ್ಲ ಮಾತಾಡಿ ಹೋಗಿರುತ್ತಾರೆ. ಬಚ್ಚಲು ಮತ್ತು ಪಾಯಿಖಾನೆ ಕೋಣೆಯ ಹಿಂದೆ. ಸುತ್ತ ಸಜ್ಜೆ ದಂಟಿನ ತಡಿಕೆ, ಮೇಲೆ ಆಕಾಶ. ಬಾಗಿಲು ಇನ್ನೂ ಬಂದಿರಲಿಲ್ಲ. ಯಾವಾಗ ಅಂದರೆ ಮನೆ ಯಜಮಾನ ಹೊಲದ ಕಡೆ ಕೈ ತೋರಿಸಿ "ಇನ್ಶಾಲ್ಲಾ" ಅಂದ. ಇವಳಿಗೆ ಇದು ತೇಲಿಸಿದ ಮಾತು ಅನ್ನಿಸಿತು. ಅವನು ಲೆಕ್ಕದ ಮಾತೇ ಆಡಿದ್ದ. ಶೇಂಗಾ ಇನ್ನೂ ನೆಲದಲ್ಲಿತ್ತು. ಅದನ್ನು ಕಿತ್ತು, ಒಣಗಿಸಿ, ಖರೀದಿ ಶುರುವಾದ ಮೇಲೆ ಮಾರಬೇಕು. ಅಲ್ಲಿಯ ತನಕ ಮನೆಯಲ್ಲಿ ರೊಕ್ಕ ಇರೋದಿಲ್ಲ. ನಮ್ಮ ಕಡೆಯೂ ಮದುವೆ, ಮಾಡು, ಬಾಗಿಲು ಎಲ್ಲ ಸುಗ್ಗಿ ಆದಮೇಲೇ ತಾನೆ.

ಮನೆಯವರು ಅವಳಿಗೆ ಹೊಸ ಹೆಸರು ಇಟ್ಟರು. ಅಲ್ಲಿಯ ರೂಢಿ ಅದು. ಹೆಸರಿನ ಜೊತೆ ಮನೆತನವೂ ಬರುತ್ತದೆ. ಇವಳ ಪಾಲಿಗೆ 'ಎಂಜಾಯ್' ಮನೆತನ. ಫೋನಿನಲ್ಲಿ ನಮ್ಮಮ್ಮನಿಗೆ ಇದನ್ನು ಹೇಳಿದಾಗ ಅವರು "ಎಂಜಾಯ್ ಮಾಡು ಅಂದ್ರಾ? ಒಳ್ಳೇ ಜನ" ಅಂದರು.

ಸಂಜೆ ಚಹಾಕ್ಕೆ ಕೂತಿದ್ದರು. ಅಲ್ಲಿಯ ಚಹಾ ಮೂರು ಸುತ್ತು, ಒಂದೊಂದು ಸುತ್ತಿಗೂ ಅರ್ಧ ಗಂಟೆ. ಪಕ್ಕದ ಮನೆಯ ಮುದುಕ ಬಂದ. ಇವಳ ಹೆಸರು ಕೇಳಿದ. ಎಂಜಾಯ್ ಅಂದದ್ದೇ ತಡ, ಈ ಹೆಂಗಸು ಜಾಸ್ತಿ ತಿನ್ನೋಳು, ಇವಳಿಗೆ ಅನ್ನ ಹಾಕಿ ನೀವು ಹಾಳಾಗ್ತೀರಿ ಅಂತ ಶುರು ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವಳಿಗೆ 'ಲೆಕ್ಕ್' ಅಂದ್ರೆ ತಿನ್ನು ಅಂತ ಗೊತ್ತಿತ್ತು. ಅಷ್ಟು ಸಾಕಾಯಿತು ಅಳು ಬರಲು.

ಆ ಮುದುಕ ಜೋಪ್ ಮನೆತನದವನು. ಜೋಪ್‌ಗಳಿಗೂ ಎಂಜಾಯ್‌ಗಳಿಗೂ ತಲೆತಲಾಂತರದಿಂದ ಚೇಷ್ಟೆಯ ನಂಟು. ಸಿಕ್ಕಲ್ಲಿ ಬೈದಾಡಬೇಕು, ಹೊಟ್ಟೆಬಾಕ ಅನ್ನಬೇಕು. ಬೈಯದಿದ್ದರೆ ಮುನಿಸು ಅಂತ ಅರ್ಥ. ನಮ್ಮಲ್ಲಿ ಭಾವಮೈದುನರು ಕಾಲೆಳೆದ ಹಾಗೆ, ಆದರೆ ಇದು ಇಡೀ ದೇಶದ ತುಂಬ ನಡೆಯುತ್ತದೆ. ಬಸ್ಸಿನಲ್ಲಿ ಸಿಕ್ಕ ಅಪರಿಚಿತ ಜೋಪ್ ಕೂಡ ಬೈಯಬಹುದು. ಇದನ್ನು ಅವಳು ಕ್ಲಾಸಿನಲ್ಲಿ ಬರೆದುಕೊಂಡಿದ್ದಳು. ನೋಟ್‌ಬುಕ್‌ನಲ್ಲಿ ಇದೆ, ಕೆಳಗೆ ಗೆರೆ ಕೂಡ ಎಳೆದಿದ್ದಾಳೆ. ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಅವಳ ಪ್ರಕಾರ ಮುದುಕ ಅವಮಾನ ಮಾಡಿದ್ದ. ಮುದುಕನ ಪ್ರಕಾರ ಅವಳನ್ನು ಮನೆಯವಳು ಅಂತ ಒಪ್ಪಿಕೊಂಡಾಗಿತ್ತು.

ಇನ್ನೊಂದು ಪೆಟ್ಟೂ ಅದೇ ಸಂಜೆ ಬಿತ್ತು. ಅಮೆರಿಕದಿಂದ 'ತುಬಾಬ್' ಬರ್ತಾಳೆ ಅಂತ ಮಕ್ಕಳು ಕಾದಿದ್ದರು. ತುಬಾಬ್ ಅಂದ್ರೆ ಬಿಳಿಯರು, ಪರದೇಶದವರು. ಬಂದವಳು ಕಂದು ಬಣ್ಣದವಳು, ಕಪ್ಪು ಜಡೆ. ಮಕ್ಕಳು ಪೆಚ್ಚಾದವು. ಒಬ್ಬಳು ಅಜ್ಜಿ ಅಂತೂ "ಅಮೆರಿಕದವಳು ಯಾವಾಗ ಬರ್ತಾಳೆ?" ಅಂತ ಇವಳನ್ನೇ ಕೇಳಿದಳು. ನ್ಯೂಜೆರ್ಸಿಯಲ್ಲಿ "ನಿನ್ನ ನಿಜವಾದ ಊರು ಯಾವುದು" ಅಂತ ಕೇಳಿಸಿಕೊಂಡು ಬೆಳೆದವಳು. ಇಲ್ಲೂ ಅದೇ.

ಮೀನು

ಈಗ ಊಟ. ಸೆನೆಗಲ್‌ನ ಹಳ್ಳಿಯಲ್ಲಿ ದೊಡ್ಡ ಬೋಗುಣಿ ಒಂದೇ. ಸುತ್ತ ಎಲ್ಲರೂ ಕೂತು, ತಮ್ಮ ಮುಂದಿನ ಭಾಗ ತಿನ್ನಬೇಕು. ನಡುವೆ ತರಕಾರಿ, ಮೀನು. ಮನೆಯ ಹೆಂಗಸು ಅದನ್ನು ಮುರಿದು ಎಲ್ಲರ ಕಡೆ ದೂಡುತ್ತಾಳೆ. ಅತಿಥಿ ಕಡೆ ಒಳ್ಳೇ ತುಂಡು ಹೋಗುತ್ತದೆ.

ಇವಳು ಮೊದಲೇ ಹೇಳಿ ಕಳಿಸಿದ್ದಳು. ಮನೆಗೆ ಬಂದ ಮೇಲೂ ಹೇಳಿದಳು: 'ದುಮಾ ಲೆಕ್ಕ್ ಯಾಪ್'. ನಾನು ಮಾಂಸ ತಿನ್ನಲ್ಲ. ವಾಕ್ಯ ಸರಿಯಾಗಿತ್ತು, ಉಚ್ಚಾರ ಕೂಡ. ಮನೆಯೊಡತಿ ಗಟ್ಟಿಯಾಗಿ ತಲೆ ಆಡಿಸಿದಳು. ಮಾರನೇ ದಿನ ಮಧ್ಯಾಹ್ನ ಹೊಲದಿಂದ ಬೇಗ ಬಂದು, ಮಾಂಸ ತಿನ್ನದ ಹುಡುಗಿಗೆ ಅಂತಲೇ ಮೀನಿನ ಅನ್ನ ಮಾಡಿದಳು.

ವೊಲೊಫ್‌ನಲ್ಲಿ ಯಾಪ್ ಅಂದ್ರೆ ಆಡು, ಕುರಿ, ದನ, ಇಂಥವುಗಳ ಮಾಂಸ. ಮೀನು 'ಜೆನ್'. ಅದು ಬೇರೆಯೇ ಪದಾರ್ಥ. ಬೆಂಗಳೂರಿನಲ್ಲಿ ಬಂಗಾಳಿ ಗೆಳತಿಯ ಮನೆಗೆ ಊಟಕ್ಕೆ ಹೋದ ಶಾಕಾಹಾರಿಗಳಿಗೆ ಇದು ಹೊಸದಲ್ಲ. ಕಡಲ ದಂಡೆಯ ದೇಶ ಅದು, ಮೀನು ಅನ್ನದಷ್ಟೇ ಸಹಜ.

ಅವಳ ಕಡೆ ತುಂಡು ಬಂದು ಬಿತ್ತು. ಅನ್ನದ ಅಡಿಗೆ ತಳ್ಳಿದಳು. ಇನ್ನೊಂದು ಬಂತು. ಸುತ್ತ ಎಂಟು ಜೊತೆ ಕಣ್ಣು. ನಿನ್ನೆ ಜಾಸ್ತಿ ತಿನ್ನೋಳು ಅಂತ ನಕ್ಕವರು, ಇವತ್ತು ತಿನ್ನದಿದ್ದರೆ ಏನಂತಾರೋ. ಎರಡು ತುಂಡು ನುಂಗಿದಳು. ಹತ್ತು ನಿಮಿಷದಲ್ಲಿ ಬಾಗಿಲಿಲ್ಲದ ಬಚ್ಚಲಿಗೆ ಓಡಿ ಎಲ್ಲ ಕಾರಿದಳು. ತಡಿಕೆ ಗೋಡೆ. ಇಡೀ ಮನೆಗೆ ಕೇಳಿಸಿತು.

ಅಕ್ಟೋಬರ್ ಅಂದ್ರೆ ಅಲ್ಲಿ ಮಲೇರಿಯಾ ಹೆಚ್ಚು ಕಾಡುವ ಕಾಲ. ಮಳೆ ಮುಗಿಯುತ್ತಾ ಬಂದಿರುತ್ತದೆ, ಸೊಳ್ಳೆ ತುಂಬಿರುತ್ತದೆ. ವಾಂತಿ ಅಂದ ಕೂಡಲೇ ಮನೆಯವರು ಹೆದರಿದರು. ಒಬ್ಬ ಹುಡುಗನನ್ನು ಹೊಲಕ್ಕೆ ಓಡಿಸಿದರು, ಆರೋಗ್ಯ ಕಾರ್ಯಕರ್ತನನ್ನು ಕರೆಯಲು. ಅಂದ್ರೆ ಮೋಟಾರ್ ಸೈಕಲ್ ಮನುಷ್ಯನನ್ನು. ಅವನು ಶೇಂಗಾ ಕೀಳೋದು ಬಿಟ್ಟು, ಕೈ ತೊಳೆದು, ರಕ್ತ ಪರೀಕ್ಷೆಯ ಕಿಟ್ ತೆಗೆದುಕೊಂಡು ಬಂದ. ಬೆರಳು ಕೊಡು ಅಂದ.

ಇವಳು ಏನಂದಳು ಗೊತ್ತಲ್ಲ. ಬಗ್ಗುಮಾ.

ಫೋನ್ ಬಂದದ್ದು ಅದಾದ ಮೇಲೆ.

ಫೋನಿನಲ್ಲಿ ನಾನು ದೊಡ್ಡ ಬುದ್ಧಿಮಾತು ಹೇಳಲಿಲ್ಲ. ನಿದ್ದೆಗಣ್ಣು. ಅವಳು ಅತ್ತಷ್ಟು ಹೊತ್ತು ಕೇಳಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ, ಅದು ಪಾಠ ಮಾಡುವವರ ಚಾಳಿ: "ನಿನಗೆ ಮೀನು ಹಾಕಿದಳಲ್ಲ, ತಾನು ಎಷ್ಟು ತಿಂದಳು?" ಸ್ವಲ್ಪ ಹೊತ್ತು ಮಾತಿಲ್ಲ. "ಅವಳ ಕಡೆ ಬರೀ ಅನ್ನ ಇತ್ತು" ಅಂದಳು. "ಸರಿ, ಗಾಡಿ ಗೊತ್ತಾದ ದಿನದ ತನಕ ಇರು. ವಾಪಸ್ ಹೋಗೋದಿದ್ದರೆ ತಿಯೆಸ್‌ನಿಂದ ಹೋಗು, ಅಲ್ಲಿಂದಲ್ಲ" ಅಂದೆ. ಮಲಗಿದೆ. ನಿದ್ದೆ ಬರಲಿಲ್ಲ ಅನ್ನೋದು ಬೇರೆ ಮಾತು.

ಮೂರನೇ ದಿನ

ಬೆಳಿಗ್ಗೆ ಹತ್ತಕ್ಕೆ ಹತ್ತಿರದ ಊರಿನಲ್ಲಿ ಒಂದು ವರ್ಷದಿಂದ ಇದ್ದ ಇನ್ನೊಬ್ಬ ಸ್ವಯಂಸೇವಕಿ ಸೈಕಲ್ ಮೇಲೆ ಬಂದಳು. ಅವಳು ಬರೋದು ಮೊದಲೇ ಗೊತ್ತಿದ್ದದ್ದು. ನಡೆದದ್ದನ್ನು ಕೇಳಿ ಮನೆಯೊಡತಿಗೆ ವೊಲೊಫ್‌ನಲ್ಲಿ ಬಿಡಿಸಿ ಹೇಳಿದಳು: ಈ ಹುಡುಗಿ ಮೀನೂ ತಿನ್ನಲ್ಲ. ಮನೆಯೊಡತಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಳು. "ಜೆನ್ ದು ಯಾಪ್!" ಅಂದಳು. ಮೀನು ಮಾಂಸ ಅಲ್ಲವಲ್ಲ! ಆಮೇಲೆ ನಗು. ಈ ಸಲ ಇವಳೂ ನಕ್ಕಳು. ಹಾಗಾದರೆ ಏನು ತಿಂತೀಯ ಅಂತ ಪಟ್ಟಿ ಶುರುವಾಯಿತು. ಅಲಸಂದೆ ಹಾಕಿದ ಅನ್ನ ಆಗುತ್ತದೆ. ಶೇಂಗಾ ಗೊಜ್ಜಿನ 'ಮಾಫೆ' ಆಗುತ್ತದೆ. ಸಜ್ಜೆ ಹಿಟ್ಟು ಹಬೆಯಲ್ಲಿ ಬೇಯಿಸಿ ಅದರ ಮೇಲೆ 'ನೆಬೆದಾಯ್' ಸೊಪ್ಪಿನ ಪಲ್ಯ ಆಗುತ್ತದೆ, ಒಣಮೀನು ಹಾಕದಿದ್ದರೆ. ನೆಬೆದಾಯ್ ಅಂದ್ರೆ ನಮ್ಮ ನುಗ್ಗೆ. ಸಜ್ಜೆ, ನುಗ್ಗೆಸೊಪ್ಪು, ಶೇಂಗಾಪುಡಿ! ಇಷ್ಟು ಕೇಳಿ ನನಗೆ ಸಮಾಧಾನ ಆಯಿತು. ಈ ಹುಡುಗಿ ಉಪವಾಸ ಬೀಳೋದಿಲ್ಲ.

ಮಧ್ಯಾಹ್ನ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದವಳು ಊರಿನ 'ಬಾಜೆನು ಗೋಖ್'. ಈ ಪದ ನನಗೆ ತುಂಬ ಹಿಡಿಸಿದೆ. ಬಾಜೆನ್ ಅಂದ್ರೆ ಅಪ್ಪನ ತಂಗಿ ಅಥವಾ ಅಕ್ಕ, ಸೋದರತ್ತೆ. ಗೋಖ್ ಅಂದ್ರೆ ಕೇರಿ. ಕೇರಿಯ ಸೋದರತ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು, ಬಾಣಂತನ ನೋಡಿಕೊಳ್ಳಲು, ಮನೆಯವರನ್ನು ಒಪ್ಪಿಸಲು ಸೆನೆಗಲ್ ಸರ್ಕಾರ ಊರಿನ ಹಿರಿಯ ಹೆಂಗಸರಿಗೆ ಈ ಹೆಸರು ಕೊಟ್ಟು ಕೆಲಸ ಹಚ್ಚಿದೆ. ಸೋದರತ್ತೆ ಹೇಳಿದರೆ ಇಲ್ಲ ಅನ್ನೋ ಹಾಗಿಲ್ಲ, ಅಲ್ಲೂ ಹಾಗೇ ಅಂತೆ. ನಮ್ಮಲ್ಲಿ ಯೋಜನೆಗಳಿಗೆ ಹೆಸರಿಡುವವರಿಗೆ ಇಂಥದ್ದು ಯಾಕೆ ಹೊಳೆಯೋದಿಲ್ಲವೋ.

ಹೊಲದಲ್ಲಿ ಊರೆಲ್ಲ ಇತ್ತು. ಯಜಮಾನ, ಜೋಪ್ ಮುದುಕ, ಜೊತೆಗಾರ, ಎಲ್ಲ. ಕುದುರೆ ಎಳೆಯುವ ಸಲಕರಣೆ ಮುಂದೆ ಹೋಗಿ ಗಿಡ ಎಬ್ಬಿಸುತ್ತದೆ, ಹಿಂದೆ ಜನ ಮಣ್ಣು ಕೊಡವಿ ರಾಶಿ ಹಾಕುತ್ತಾರೆ. ಎರಡು ದಿನ ಊರಲ್ಲಿ ಯಾರೂ ನನ್ನ ಜೊತೆ ಕೂರಲಿಲ್ಲ ಅಂತ ನೋಟ್‌ಬುಕ್‌ನಲ್ಲಿ ಬರೆದಿದ್ದಳು. ಎಲ್ಲರೂ ಇಲ್ಲಿದ್ದರು. ಆರೋಗ್ಯ ಕೇಂದ್ರದ ಗುಡಿಸಲಿಗೆ ಬೀಗ ಬಿದ್ದದ್ದೂ ಅದಕ್ಕೇ.

ಸಂಜೆ ವಾಪಸ್ ಬರುವಾಗ ಊರ ನಡುವಿನ ಮರದ ಕೆಳಗೆ ಕೂತರು. ಬಾಬಾಬ್ ಮರ. ವೊಲೊಫ್‌ನಲ್ಲಿ 'ಗುಯ್'. ಸೆನೆಗಲ್‌ನ ರಾಷ್ಟ್ರೀಯ ಮರ ಅದು. ಇವಳು ಹತ್ತು ವರ್ಷದವಳಿದ್ದಾಗ ಅಣ್ಣ ಸವಣೂರಿಗೆ ಕರೆದುಕೊಂಡು ಹೋಗಿ ದೊಡ್ಡಹುಣಸೆ ಮಠದ ಮೂರು ಮರ ತೋರಿಸಿದ್ದ. ಆಫ್ರಿಕಾದ ಜಾತಿಯ ಮರ, ನಮ್ಮ ಜನ ದೊಡ್ಡ ಹುಣಸೆ ಅಂತ ಕರೆದರು. ಆ ಫೋಟೋ ಫೋನಿನಲ್ಲಿತ್ತು. ತೋರಿಸಿದಳು. ಫೋನು ಕೈಯಿಂದ ಕೈಗೆ ಹೋಯಿತು. ನಿಮ್ಮಲ್ಲೂ ಗುಯ್ ಇದೆಯಾ? ಅಮೆರಿಕದಲ್ಲಾ? ಅಲ್ಲ, ಇಂಡಿಯಾದಲ್ಲಿ. ಇಂಡಿಯಾ ಅಂದದ್ದೇ ಹುಡುಗಿಯರು ಎದ್ದು ನಿಂತರು. ಸೆನೆಗಲ್‌ನಲ್ಲಿ ಹಿಂದಿ ಸಿನಿಮಾ ಹುಚ್ಚು ಹಳೆಯದು. ಡ್ಯಾನ್ಸ್ ಮಾಡು ಅಂತ ಹಠ ಹಿಡಿದರು. ಇವಳಿಗೆ ಒಂದು ಸ್ಟೆಪ್ಪೂ ಬರೋದಿಲ್ಲ. ಅವರೇ ಕಲಿಸಿದರು.

ನಲವತ್ಮೂರು ಮಾತು

ತಿಯೆಸ್‌ಗೆ ವಾಪಸ್ ಬರುವ ಗಾಡಿಯಲ್ಲಿ ಅವಳು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಮಾಡಿದಳು. ನಾಲ್ಕು ದಿನದಲ್ಲಿ ಬೇಕಾಗಿ, ಬಾಯಿಗೆ ಬರದ ಮಾತುಗಳು. ಒಟ್ಟು 43. ಮೀನು. ಒಣಮೀನು. ಅಗಳಿ. ತಡಿಕೆ. ವಾಂತಿ. ನನಗೆ ಜ್ವರ ಇಲ್ಲ. ನಾಚಿಕೆ ಆಗುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ. ನಾನೂ ಬರಲಾ. ಮೊದಲನೇ ಸಾಲಿನಲ್ಲಿ, ಎರಡು ಸುತ್ತು ಹಾಕಿ: ನನಗೆ ಇಷ್ಟ ಇದೆ, ಆದರೆ ಅಪ್ಪಣೆ ಇಲ್ಲ.

ಅಪ್ಪಣೆ ಇಲ್ಲ ಅನ್ನಲು ವೊಲೊಫ್‌ನಲ್ಲಿ 'ತೆರೆ' ಅನ್ನೋ ಮಾತು. ತೆರೆ ಅಂದ್ರೆ ತಡೆ, ಬೇಡ ಅನ್ನು. ಕನ್ನಡದಲ್ಲಿ ತೆರೆ ಅಂದ್ರೆ ಬಾಗಿಲು ತೆಗೆ. ಹಾಗಾಗಿ ಒಂದು ವಾರ ತಲೆಕೆಟ್ಟಿತಂತೆ, ಆಮೇಲೆ ಮರೆಯಲೇ ಇಲ್ಲ.

ಭಾಷೆ ಕಲಿಸುವ ಮೇಷ್ಟ್ರು ಆ ಪಟ್ಟಿಯನ್ನೇ ಮುಂದಿನ ಪಾಠ ಮಾಡಿದರು. ಒಂದು ದಿನ ಅವರೇ ಮೋಟಾರ್ ಸೈಕಲ್ ಮನುಷ್ಯ, ಇನ್ನೊಂದು ದಿನ ಮೀನು ಮುರಿದು ಹಾಕುವ ಯಜಮಾನಿ. ಬೈಯೋದನ್ನೂ ಕಲಿಸಿದರು. ನನ್ನ ಹಳೇ ವಾದ ಅಲುಗಾಡಿದ್ದು ಇಲ್ಲಿ. ಎಲ್ಲ ಕಲಿತು ಹೋಗಲಿ ಅಂತ ನಾನು ಅನ್ನುತ್ತಿದ್ದೆನಲ್ಲ, ಎಲ್ಲ ಅಂದ್ರೆ ಏನು ಅಂತ ಯಾರಿಗೆ ಗೊತ್ತಿರುತ್ತದೆ? ಅಗಳಿ ಅನ್ನೋ ಮಾತು ಬೇಕು ಅಂತ ಬಾಗಿಲಿಲ್ಲದ ಬಚ್ಚಲಿಗೆ ಹೋದವರಿಗೆ ಮಾತ್ರ ಗೊತ್ತು. ಊರು ನೋಡಿ ಬಂದು ಮತ್ತೆ ಆರು ವಾರ ಕ್ಲಾಸು ಇತ್ತು, ಇದು ಮುಖ್ಯ. ಹೋದವರು ಅಲ್ಲೇ ಉಳಿಯಬೇಕಾಗಿದ್ದರೆ ನಾನು ಈಗಲೂ ನನ್ನ ಹಳೇ ಗುಂಪಿನಲ್ಲೇ ಇರುತ್ತಿದ್ದೆ.

ಅವಳ ಬರವಣಿಗೆ ಬಗ್ಗೆ ಒಂದು ಮಾತು. ಭೇಟಿ ಮುಗಿದ ಮೇಲೆ ವರದಿ ಕೊಡಬೇಕು. ಅವಳು ಎರಡನೇ ದಿನ ಗೀಚಿದ ಕರಡು ಹೀಗೆ ಶುರುವಾಗುತ್ತದೆ: ಊರಿನವರಿಗೆ ಆಸಕ್ತಿ ಇಲ್ಲ, ಆರೋಗ್ಯ ಕಾರ್ಯಕರ್ತ ಇಲ್ಲ, ನನ್ನನ್ನು ನೋಡಿ ನಗುತ್ತಾರೆ. ನಾನು ನನ್ನ ವಿದ್ಯಾರ್ಥಿಗಳಿಗೆ ಮಾಡಿಸುವ ಹಾಗೆ ಮಾಡಿಸಿದೆ. ಪುಟದ ನಡುವೆ ಗೆರೆ ಎಳಿ. ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ಎಡಗಡೆ ಏನು ಬಂತು? ಒಬ್ಬ ಇಸ್ತ್ರಿ ಅಂಗಿ ಹಾಕಿಕೊಂಡು ಕಾದಿದ್ದ. ಒಬ್ಬಳು ಸುಗ್ಗಿ ದಿನದಲ್ಲಿ ಹೊಲ ಬಿಟ್ಟು ಬಂದು ಅಡುಗೆ ಮಾಡಿದಳು. ವಾಂತಿ ಆದಾಗ ಒಬ್ಬ ಹುಡುಗ ಓಡಿದ. ಆರೋಗ್ಯ ಕಾರ್ಯಕರ್ತ ಕಿಟ್ ಸಮೇತ ಬಂದ. ಬಲಗಡೆ: ನಾನು ಬೇಡ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಅವಳು ಬಹಳ ಹೊತ್ತು ಸುಮ್ನೆ ಇದ್ದಳು. ಕರಡು ಹರಿದು ಹಾಕಲು ಹೊರಟಳು, ಬೇಡ ಅಂದೆ. ಅದು ಈಗ ನನ್ನ ಬಳಿ ಇದೆ. ಹಾವೇರಿ ಕಡೆ ಸುಗ್ಗಿಯಲ್ಲಿ ಸರ್ವೆಗೆ ಹೋಗಿ "ಜನರ ಸಹಕಾರ ಇಲ್ಲ" ಅಂತ ಬರೆದು ತರುವ ನನ್ನ ವಿದ್ಯಾರ್ಥಿಗಳಿಗೆ ಓದಲು ಕೊಟ್ಟಿದ್ದೇನೆ.

ಅವಳ ತಪ್ಪು ಅಂತ ನಾನು ಹೇಳೋದು ಒಂದೇ. ಮೀನು ಕ್ಷಮಿಸಬಹುದು, ಅದು ಭಾಷೆಯ ಬೇಲಿ. ಆದರೆ ಮೋಟಾರ್ ಸೈಕಲ್ ನಿಯಮ ಅವಳಿಗೆ ಮೊದಲೇ ಗೊತ್ತಿತ್ತು. ಇಂಥ ಕಡೆ ಯಾರಾದರೂ ಮೋಟಾರ್ ಸೈಕಲ್‌ನಲ್ಲೇ ಕರೆಯಲು ಬರುತ್ತಾರೆ ಅಂತ ಊಹೆ ಮಾಡಬಹುದಿತ್ತು. ಒಂದು ಚೀಟಿ ಬರೆಸಿಕೊಂಡು ಹೋಗಿದ್ದರೆ ಸಾಕಿತ್ತು. "ಅತ್ತೆ, ನೀವಾದ್ರೂ ಹೇಳಬಹುದಿತ್ತು" ಅಂತಾಳೆ. ಅದೂ ನಿಜ.

ಆಮೇಲೆ

ಡಿಸೆಂಬರ್‌ನಲ್ಲಿ ಪ್ರಮಾಣವಚನ ಆಗಿ ಅವಳು ಊರಿಗೆ ಹೋದಳು. ಮೊದಲ ದಿನವೇ ಜೋಪ್ ಮುದುಕನ ಅಂಗಳಕ್ಕೆ ಹೋಗಿ, ಜೋಪ್‌ಗಳು ಬೋಗುಣಿ ಕೂಡ ನೆಕ್ಕೋರು ಅಂತ ಗಟ್ಟಿಯಾಗಿ ಹೇಳಿದಳು. ಮುದುಕ ಚಹಾ ಕುಡಿಸದೆ ಬಿಡಲಿಲ್ಲ, ಮೂರೂ ಸುತ್ತು. ಜೊತೆಗಾರನ ಜೊತೆ ಅಷ್ಟು ಸುಲಭ ಆಗಲಿಲ್ಲ. ನಿಯಮದ ವಿಷಯ ವಿವರವಾಗಿ ಹೇಳಿದಳು, ಅವನು ಸರಿ ಅಂದ. ಆದರೂ ಹಲವು ವಾರ ಅವರ ನಡುವೆ ಕೆಲಸದ ಮಾತು ಮಾತ್ರ. ಫೆಬ್ರವರಿಯಲ್ಲಿ ಅವನ ಮಗಳಿಗೆ ಜ್ವರ ಬಂದಾಗ ಇವಳು ರಾತ್ರಿ ಅವರ ಮನೆಯಲ್ಲೇ ಕೂತಿದ್ದಳು. ಅಲ್ಲಿಂದ ಸರಿಹೋಯಿತು.

ಬಚ್ಚಲ ಬಾಗಿಲಿನ ಮಾತು ಉಳಿಯಿತು. ಆ ವರ್ಷದ ಶೇಂಗಾ ಮಾರಿ ಬಂದ ರೊಕ್ಕ ಬೀಜಕ್ಕೂ ಸಾಲಕ್ಕೂ ಹೋಯಿತು. ಮುಂದಿನ ವರ್ಷದ್ದು ಯಾರದೋ ಮದುವೆಗೆ. ಹೊರಡುವಾಗ ಅವಳ ಅಜ್ಜಿ ಹಾಸೋದಕ್ಕೋ ಹೊದೆಯೋದಕ್ಕೋ ಆಗುತ್ತೆ ಅಂತ ಒಂದು ಹಳೇ ಇಳಕಲ್ ಸೀರೆ ಕೊಟ್ಟಿದ್ದರು. ಕೆಂಪು ಸೆರಗು, ಗಟ್ಟಿ ನೇಯ್ಗೆ. ಅದನ್ನು ಅಡ್ಡ ಕಟ್ಟಿದಳು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಪೀಸ್ ಕೋರ್ ಜಗತ್ತಿನ ಎಲ್ಲ ದೇಶಗಳಿಂದ ತನ್ನ ಏಳು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನು ಒಮ್ಮೆಲೇ ವಾಪಸ್ ಕರೆಸಿತು. ಒಂದು ಚೀಲ ತುಂಬಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಅವಳಿಗೆ ಸಿಕ್ಕಿದ್ದು. ಸೀರೆ ಬಚ್ಚಲಿಗೇ ಉಳಿಯಿತು. ಮನೆಯೊಡತಿ ಈಗಲೂ ಆಗಾಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾಳೆ, ಮಕ್ಕಳದು, ಹೊಲದ್ದು. ಒಂದರಲ್ಲಿ ಹಿಂದುಗಡೆ ಆ ಕೆಂಪು ಸೆರಗು ಕಾಣುತ್ತದೆ, ಬಿಸಿಲಿಗೆ ಬಣ್ಣ ಬಿಟ್ಟಿದೆ. ಅಮ್ಮ ಫೋಟೋ ನೋಡಿ, ಅದೇನು ನಮ್ಮ ಸೀರೆ ಇದ್ದ ಹಾಗಿದೆ ಅಂದರು. ಪರದೆ ಅಂತ ಹೇಳಿದ್ದೇನೆ. ಯಾವುದರ ಪರದೆ ಅಂತ ಹೇಳಿಲ್ಲ.